1 ಇಂಚು 70 ಸೆಂಟು

ಮಗಳೇ,

ಮೊನ್ನೆ ಫೋನಲ್ಲಿ ಪ್ರವಾಸ ಹೇಗಿತ್ತು ಅಂತ ನೀನು ಕೇಳಿದಾಗ "ಎಲ್ಲ ಚೆನ್ನಾಗಿತ್ತು, ಸ್ವಲ್ಪ ಮಳೆ ಬಂತು ಅಷ್ಟೇ" ಅಂದೆ ಅಲ್ವಾ, ಅದು ಅರ್ಧ ಸುಳ್ಳು. ನಿನ್ನಪ್ಪ ಪಕ್ಕದಲ್ಲೇ ಕೂತು ಹೇಳಬೇಡ ಅಂತ ಕೈಸನ್ನೆ ಮಾಡುತ್ತಿದ್ದರು. ಈಗ ಅವರು ತೋಟಕ್ಕೆ ಹೋಗಿದ್ದಾರೆ. ಬೆಳಗ್ಗೆಯಿಂದ ಕರೆಂಟಿಲ್ಲ, ನೆಟ್‌ವರ್ಕೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೈಲ್‌ಪೊಳ್ದ್ ಹಬ್ಬ ಮುಗಿಸಿ ಹೊರಟೆವಲ್ಲ, ಜೂನ್‌ನಿಂದ ಮಳೆ ನೋಡಿ ನೋಡಿ ನನಗೆ ಸಾಕಾಗಿತ್ತು, ಬಟ್ಟೆ ಒಣಗುವ ಒಂದು ಊರು ನೋಡಿದರೆ ಸಾಕಪ್ಪಾ ಅನಿಸಿತ್ತು. ಅಪ್ಪನಿಗೆ ರಾಜಸ್ಥಾನದ ಜೈಸಲ್ಮೇರ್ ಹೊಸದಲ್ಲ, ಮಿಲ್ಟ್ರಿಯಲ್ಲಿದ್ದಾಗ ಓಡಾಡಿದ ಜಾಗ. ಹಳೇ ಗೆಳೆಯರೊಬ್ಬರು ಜೀಪು ತಂದಿದ್ದರು. ಹೋಗಿ ನೋಡಿದರೆ ಅಲ್ಲೂ ಮಳೆ! ಇಷ್ಟು ಮಳೆ ಅಪರೂಪ ಅಂತ ಊರವರೇ ಅನ್ನುತ್ತಿದ್ದರು. ನಾನು ಟಿವಿಯಲ್ಲಿ ನೋಡಿದ ಮರುಭೂಮಿ ಅದಲ್ಲ. ಎಲ್ಲಿ ನೋಡಿದರೂ ಸೇವಣ್ ಅನ್ನುವ ಹುಲ್ಲು, ಹಸಿರು. ಖೇಜ್ರಿ ಖೇಜ್ರಿ ಅಂತ ಎಲ್ಲರೂ ಹೇಳುವ ಮರ ಯಾವುದು ಅಂತ ನೋಡಿದರೆ ನಮ್ಮ ಬನ್ನಿ ಮರವೇ ಕಣೇ.

ಎರಡನೇ ರಾತ್ರಿ ಕುಲಧರಾ ದಾಟಿ ಟೆಂಟು ಹಾಕಿದೆವು. ಕುಲಧರಾ ಅಂದರೆ ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಪಾಳು ಊರು, ಎಲ್ಲರೂ ದೆವ್ವದ ಕಥೆ ಹೇಳುತ್ತಾರೆ, ನನಗೆ ಅದು ಬೇಡ. ಸುತ್ತ ಬರೀ ಕಲ್ಲುದಿಣ್ಣೆ, ನಡುವೆ ಒಂದು ಕಡೆ ಮಾತ್ರ ಗದ್ದೆಯ ಹಾಗೆ ಸಮತಟ್ಟು, ಒಂದು ತುದಿಯಲ್ಲಿ ಉದ್ದಕ್ಕೆ ಏರಿ. ಟೆಂಟಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ ಅಂದರು ನಿನ್ನಪ್ಪ. ಕತ್ತಲಾಗುವಾಗ ಕುರಿ ಕಾಯುವ ಒಬ್ಬ ಅಜ್ಜ ಬಂದು, ಇಲ್ಲಿ ಮಲಗಬೇಡಿ, ಮೇಲೆ ಹೋಗಿ ಅಂತ ಕೈ ತೋರಿಸಿದರು. ನಿನ್ನಪ್ಪ ಹಿಂದಿಯಲ್ಲಿ, ನಾವು ಕೊಡಗಿನವರು, ಮಳೆ ಅಂದರೆ ನಮಗೆ ಹೇಳಿಕೊಡಬೇಕಾ ಅಂತ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಹನ್ನೊಂದಕ್ಕೆ ಶುರುವಾದ ಮಳೆ ಒಂದು ಗಂಟೆಗೆ ನಿಂತೇಬಿಟ್ಟಿತು. 2018ರ ಆಗಸ್ಟಿನಲ್ಲಿ ನಮ್ಮಲ್ಲಿ ಗುಡ್ಡ ಕುಸಿದಮೇಲೆ ರಾತ್ರಿ ಮಳೆ ಸದ್ದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ನಿಂತರೆ ತಕ್ಷಣ ಬರುತ್ತದೆ. ಹಾಗೇ ಮಲಗಿದೆ. ನೀರು ಬಂದದ್ದು ಆಮೇಲೆ. ಸದ್ದಿಲ್ಲ, ರಭಸ ಇಲ್ಲ. ಬೆನ್ನು ತಣ್ಣಗಾಯಿತು, ಕೈ ಚಾಚಿದರೆ ಚಪ್ಪಲಿ ತೇಲುತ್ತಿದೆ. ನಮ್ಮ ಬೆಟ್ಟದಲ್ಲಿ ಕಾಡು, ಮಣ್ಣು ಒಂದಷ್ಟಾದರೂ ನೀರು ಕುಡಿಯುತ್ತವೆ. ಅಲ್ಲಿನ ಕಲ್ಲು ಏನೂ ಕುಡಿಯುವುದಿಲ್ಲ, ಸುತ್ತ ಬಿದ್ದದ್ದೆಲ್ಲ ನಿಧಾನಕ್ಕೆ ನಾವು ಮಲಗಿದ ಕಡೆಗೇ ಬಂದಿದೆ. ಟೆಂಟು ಬಾಚಿಕೊಂಡು, ಮೊಣಕಾಲು ನೀರಲ್ಲಿ ಏರಿ ಹತ್ತುವಷ್ಟರಲ್ಲಿ ಜೀಪಿನ ಚಕ್ರ ಅರ್ಧ ಮುಳುಗಿತ್ತು. ಏರಿ ಮೇಲೆ ಟಾರ್ಚು ಬಿಟ್ಟರೆ ಕಲ್ಲಿನ ಸಂದಿಯಲ್ಲಿ ಗರಗಸ ಮಂಡಲದ ಹಾವು, ಸುತ್ತಿಕೊಂಡು ಮೈ ಉಜ್ಜಿ ಸರಸರ ಸದ್ದು ಮಾಡುತ್ತಿದೆ. ಅದೂ ಪಾಪ ನೀರಿಗೆ ಹೆದರಿಯೇ ಬಂದದ್ದು. ಅದಕ್ಕೆ ಅದರ ಜಾಗ ಬಿಟ್ಟು ದೂರ ಕೂತೆವು. (ಈ ಹಾವಿನ ವಿಷಯಕ್ಕೇ ಅಪ್ಪನ ಕೈಸನ್ನೆ.)

ಆ ಗೆಳೆಯರು ಬೇರೆ, ಬೆಳಗಿನವರೆಗೆ 2006ರ ಬಾರ್ಮೇರ್ ಪ್ರವಾಹದ ಕಥೆ ಹೇಳಿದರು. ಕವಾಸ್ ಅನ್ನುವ ಊರಲ್ಲಿ ಮರಳಿನ ಕೆಳಗೆ ಜಿಪ್ಸಮ್ ಪದರ ಇದೆಯಂತೆ, ನೀರು ಇಂಗಲಿಕ್ಕೆ ದಾರಿಯೇ ಇಲ್ಲದೆ ಮಳೆ ಹೋದಮೇಲೂ ವಾರಗಟ್ಟಲೆ ನಿಂತಿತ್ತಂತೆ. ಆ ಹೊತ್ತಿಗೆ ಹೇಳುವ ಕಥೆಯಾ ಅದು?

ಬೆಳಗ್ಗೆ ಕಪ್ಪೆಗಳ ಗಲಾಟೆ. ಇಷ್ಟು ದಿನ ಎಲ್ಲಿದ್ದವೋ! ಒದ್ದೆ ಮರಳ ಮೇಲೆ ಕೆಂಪು ಮಖಮಲ್ಲಿನ ಚೂರಿನಂಥ ಪುಟ್ಟ ಹುಳುಗಳು, ಬೀರ್‌ಬಹೂಟಿ ಅನ್ನುತ್ತಾರೆ. ಅಜ್ಜ ಚಹಾ ತಂದರು, ಬೈಯಲಿಲ್ಲ. ನಾವು ಟೆಂಟು ಹಾಕಿದ್ದ ಜಾಗ ಖಡೀನ್ ಅಂತೆ. ದಿಣ್ಣೆಯ ನೀರೆಲ್ಲ ಬಂದು ನಿಲ್ಲಲಿ ಅಂತಲೇ ಪಾಲಿವಾಲರು ಕಲಿಸಿದ ರೀತಿಯಲ್ಲಿ ಏರಿ ಕಟ್ಟಿದ ಹೊಲ. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ, ಮತ್ತೆ ಮಳೆ ಬೇಕೆಂದೇನೂ ಇಲ್ಲ. ನಾವು ರಾತ್ರಿಯೆಲ್ಲ ಶಾಪ ಹಾಕಿದ ನೀರು ನೋಡಿ ಅಜ್ಜನ ಮುಖ ಹೇಗಿತ್ತು ಅಂದರೆ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿದ್ದ ದಿನ ನಿನ್ನಪ್ಪನ ಮುಖ ಇರುತ್ತಲ್ಲ, ಥೇಟ್ ಹಾಗೆ.

ಜೀಪಿನ ಕ್ಯಾರಿಯರಿನಲ್ಲಿ ತೊಳೆದಿಟ್ಟಿದ್ದ ಕಾಫಿಪುಡಿ ಡಬ್ಬ ಹಾಗೇ ಇತ್ತು. ಅದರಲ್ಲಿ ನಿಂತ ಮಳೆನೀರಿಗೆ ಟೇಪು ಇಳಿಸಿ ಅಳೆದೆ, ಅಭ್ಯಾಸಬಲ. ಸುಮಾರು 1 ಇಂಚು 70 ಸೆಂಟು, ಅಂದರೆ ಒಂದೂಮುಕ್ಕಾಲು ಇಂಚಿಗೆ ಸ್ವಲ್ಪ ಕಮ್ಮಿ. ನಮ್ಮಲ್ಲಿ ಅಷ್ಟಕ್ಕೆ ಯಾರೂ ಕೊಡೆಯನ್ನೂ ಹುಡುಕುವುದಿಲ್ಲ. ವರ್ಷಕ್ಕೆ ಏಳೆಂಟು ಇಂಚು ಬೀಳುವ ಊರಲ್ಲಿ ಅದು ಹತ್ತಿರ ಹತ್ತಿರ ಕಾಲು ವರ್ಷದ ಮಳೆ.

ಮನೆಗೆ ಬಂದು ಮಳೆ ಪುಸ್ತಕದಲ್ಲಿ ಆ ತಾರೀಖಿನ ಪಕ್ಕ ಅದನ್ನೂ ಬರೆದೆ. ತೋಟದ ಲೆಕ್ಕ ಕೆಡಿಸಬೇಡ ಅಂತ ಅಪ್ಪ ಜಗಳಕ್ಕೆ ಬಂದರು, ಅಂಚಿನಲ್ಲಿ ಪೆನ್ಸಿಲಲ್ಲಿ ಬರೆದಿದ್ದೇನೆ ಬಿಡಿ ಅಂದೆ.

ನೀನು ಡಿಸೆಂಬರಿನಲ್ಲಿ ಗೆಳತಿಯರ ಜೊತೆ ಹೋಗುತ್ತೀಯಲ್ಲ, ಆ ಏರಿ ಹತ್ತಿರ ಹೋಗಿ ಗೋಧಿ ಎಷ್ಟೆತ್ತರ ಬಂದಿದೆ ಅಂತ ಫೋಟೊ ಕಳಿಸು. ಅಜ್ಜ ಸಿಕ್ಕರೆ ಒಂದು ಕಿಲೋ ಕಾಫಿಪುಡಿ ಕೊಡು, ಕಟ್ಟಿಡುತ್ತೇನೆ. ನೀನು ಟೆಂಟು ಬೇಕು ಅಂದಿದ್ದೆ. ಅದು ಇನ್ನೂ ಒಣಗಿಲ್ಲ, ಒಲೆ ಮೇಲಿನ ಅಟ್ಟದಲ್ಲಿ ಹಾಕಿದ್ದೇನೆ.

ನಿನ್ನ ಅವ್ವ