ಮನೆ ಕಂಪ್ಯೂಟರಿಗೆ ವೈರಸ್ ಬಂದಿದ್ದರೆ

ಎಲ್ಲರಿಗೂ ನಮಸ್ಕಾರ. ‘ಕಾಫಿ ರೇಟ್ ಪಟ್ಟಿ’ ಅಂತ ಬಂದ ಫೈಲ್ ತೆರೆದ ಕೆಲವರ ಕಂಪ್ಯೂಟರ್ ಹದಗೆಟ್ಟಿದೆ. ಬ್ರೌಸರ್ ತೆರೆದರೆ ಸಾಕು, ಜಾಹೀರಾತಿನ ಮೇಲೆ ಜಾಹೀರಾತು.

ಮೊದಲು ಇಂಟರ್ನೆಟ್ ಆಫ್ ಮಾಡಿ. ವಿಂಡೋಸ್‌ನಲ್ಲೇ ಇರುವ ‘ವಿಂಡೋಸ್ ಸೆಕ್ಯುರಿಟಿ’ ಆ್ಯಪ್‌ನ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತದೆ. ಅಡಗಿ ಕೂತ ವೈರಸ್ ಸಿಗುವುದು ಆಗಲೇ. ಸುಮಾರು 15 ನಿಮಿಷ ಬೇಕು. ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ವಾ, ಯುಪಿಎಸ್ ಚಾರ್ಜ್ ಇದ್ದಾಗಲೇ ಮಾಡಿ.

‘ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಅಂತ ಪರದೆಯಲ್ಲಿ ಬಂದರೆ ಅದು ಮೋಸ. ದಯವಿಟ್ಟು ಕರೆ ಮಾಡಬೇಡಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಬ್ಯಾಂಕಿನದ್ದು ಮೊದಲು. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.