ಈಸೂರಿನ ಪಾಠಕ್ಕೆ ಮೊದಲು

ಪ್ರೀತಿಯ ಸುಮಾ,

ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನಿನ್ನ ದನಿ ಯಾಕೋ ಸಪ್ಪಗಿತ್ತು. ಹತ್ತನೇ ತರಗತಿಯ ನಿನ್ನ ಇತಿಹಾಸದ ಪೀರಿಯಡ್ಡುಗಳನ್ನು ಗಣಿತಕ್ಕೆ ಬಿಟ್ಟುಕೊಡಿ ಅಂತ ಕೇಳುತ್ತಾರೆ ಅಂದೆ. ಮಕ್ಕಳು ಕೂಡ "ಮಿಸ್, ಇಂಪಾರ್ಟೆಂಟ್ ಪ್ರಶ್ನೆ ಹೇಳಿಬಿಡಿ, ಸಾಕು" ಅನ್ನುತ್ತಾರಂತೆ. ನಾನು ಏನೋ ಸಮಾಧಾನದ ಮಾತು ಹೇಳಿ ಫೋನ್ ಇಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಕಾಗದ.

ಪೀರಿಯಡ್ಡಿನ ಜಗಳ ಹೊಸದಲ್ಲ, ಬಿಡು. ನನ್ನ ಕಾಲದಲ್ಲೂ ಇತ್ತು. ಮಕ್ಕಳ ಮಾತಿಗೆ ಮಾತ್ರ ಅರ್ಧ ನಾವೇ ಕಾರಣ. ಹೇಗೆ ಅಂತ ನನ್ನದೇ ಕಥೆ ಹೇಳುತ್ತೇನೆ, ಕೇಳು.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ನೋಟ್ಸ್ ಬರೆಸುವುದರಲ್ಲಿ ಹೆಸರುವಾಸಿ. ಕಾರಣಗಳು ಐದು, ಪರಿಣಾಮಗಳು ಐದು. ಈಸೂರಿನ ಪಾಠಕ್ಕೂ ಅದೇ ಗತಿ. 1942, ಚಲೇಜಾವ್ ಚಳವಳಿ, "ಏಸೂರು ಕೊಟ್ಟರೂ ಈಸೂರು ಕೊಡೆವು". ಆಮೇಲೆ ಗಲ್ಲಿಗೇರಿದ ಐವರ ಹೆಸರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ಇಡೀ ಕ್ಲಾಸು ಒಂದೇ ಉಸಿರಿಗೆ ಒಪ್ಪಿಸುತ್ತಿತ್ತು. ನನಗೋ ಹೆಮ್ಮೆ.

ಒಂದು ದಿನ ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಗಲಾಟೆಯಲ್ಲಿ ಸತ್ತ ಅಮಲ್ದಾರರ ಹೆಂಡತಿ ಮಕ್ಕಳು ಏನಾದರು?" ಅಂತ ಕೇಳಿದ. ಅಮಲ್ದಾರರು ಅಂದರೆ ಈಗಿನ ತಹಶೀಲ್ದಾರರು. ನಾನು ಏನಂದೆ ಗೊತ್ತಾ? "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ."

ಅವನು ಕೂತ. ವರ್ಷ ಮುಗಿಯುವ ತನಕ ಮತ್ತೆ ಏಳಲಿಲ್ಲ.

ನೀನೀಗ ಶಿಕಾರಿಪುರ ತಾಲ್ಲೂಕಿನಲ್ಲೇ ಪಾಠ ಮಾಡುತ್ತಿದ್ದೀಯ. ನಿನ್ನ ಕ್ಲಾಸಿನಲ್ಲಿ ಈಸೂರಿಗೆ ನೆಂಟಸ್ತನ ಇರುವ ಮಕ್ಕಳು ನಾಲ್ಕೈದಾದರೂ ಇರಬಹುದು. ಅಂಥ ಕಡೆ ಐದು ಹೆಸರು ಬಾಯಿಪಾಠ ಮಾಡಿಸಿ ಮುಂದೆ ಹೋಗಬೇಡ. ಆ ಊರಿನವರು ಮಾಡಿದ್ದನ್ನು ನಿಧಾನವಾಗಿ ಹೇಳು. ಕಂದಾಯ ಕೊಡಲ್ಲ ಅಂದರು. ಸರ್ಕಾರಿ ಅಧಿಕಾರಿಗಳು ಒಳಗೆ ಬರಕೂಡದು ಅಂತ ಊರ ಬಾಗಿಲಲ್ಲಿ ಬೋರ್ಡು ಹಾಕಿದರು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ ತಮ್ಮದೇ ಸರ್ಕಾರ ಮಾಡಿಕೊಂಡರು. ಆ ಸರ್ಕಾರದ ಅಮಲ್ದಾರ ಜಯಣ್ಣ, ಸಬ್ ಇನ್ಸ್‌ಪೆಕ್ಟರ್ ಮಲ್ಲಪ್ಪ (ಗಲ್ಲಿಗೇರಿದ ಮಲ್ಲಪ್ಪ ಬೇರೆ). ಇಬ್ಬರೂ ಇನ್ನೂ ಹುಡುಗರು! ಹುಡುಗರನ್ನು ಜೈಲಿಗೆ ಹಾಕಲಾರರು ಅನ್ನುವ ಲೆಕ್ಕಾಚಾರ ಅದು. ಇದನ್ನು ಹೇಳಿ ಒಂದು ನಿಮಿಷ ಸುಮ್ಮನಿರು. ಕ್ಲಾಸಿನ ಮುಖ ನೋಡು.

ಅಲ್ಲಿಗೇ ನಿಲ್ಲಿಸಿದರೆ ಕಥೆ ಚೆಂದ. ನಿಲ್ಲಿಸಬೇಡ. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಪೊಲೀಸರ ಜೊತೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಊರಿನವರು ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು, ಆ ಇಬ್ಬರೂ ಸತ್ತರು. ಆಮೇಲೆ ಪೊಲೀಸರು ಊರ ಮೇಲೆ ಬಿದ್ದರು, ಜನ ಕಾಡು ಸೇರಿದರು, ಹೆಂಗಸರೂ ಜೈಲು ಕಂಡರು. 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು.

ಇನ್ನೊಂದು ಮಾತು. ಮಕ್ಕಳು ಉತ್ತರದಲ್ಲಿ "ಬ್ರಿಟಿಷರು ಬಂದರು" ಅಂತ ಬರೆಯುತ್ತಾರೆ. ಬಂದವರು ಬಿಳಿಯರಲ್ಲ, ಮೈಸೂರು ಸಂಸ್ಥಾನದ ಸಂಬಳ ತಿನ್ನುತ್ತಿದ್ದ ನಮ್ಮ ಕನ್ನಡದವರೇ. ಮೇಲೆ ಮಹಾರಾಜರು, ಅವರ ಮೇಲೆ ಬ್ರಿಟಿಷರು. ಇಷ್ಟು ತಿಳಿದ ಮೇಲೆ ಆ ಹುಡುಗನ ಪ್ರಶ್ನೆ ತಾನಾಗಿಯೇ ಬರುತ್ತದೆ. ಬರಲಿ. ಅದರಿಂದ ಐವರ ತ್ಯಾಗ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲ್ಲ. ಹದಿನೈದರ ಮಕ್ಕಳು ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲರು. ಹೆದರುವವರು ನಾವು ಮೇಷ್ಟ್ರುಗಳು.

ಮಕ್ಕಳ ವಯಸ್ಸೇ ಅಂಥದ್ದು. ಮನೆಯಲ್ಲಿ ಅಪ್ಪನ ಮಾತಿಗೆ "ಯಾರು ಹೇಳಿದ್ದು?" ಅಂತ ತಿರುಗಿಸಿ ಕೇಳುವ ವಯಸ್ಸು. ಅದನ್ನು ಪಾಠಕ್ಕೆ ಬಳಸಿಕೋ. ತಾಳಗುಂದವೂ ನಿನ್ನ ತಾಲ್ಲೂಕಿನಲ್ಲೇ ಇದೆ. ಒಂದು ಶನಿವಾರ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಹತ್ತಿರ ಮಕ್ಕಳನ್ನು ಕೂರಿಸು. ಕದಂಬ ವಂಶ ಕಟ್ಟಿದ ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ಎಲ್ಲ ಆ ಕಲ್ಲಿನ ಮೇಲಿದೆ. ಕಥೆ ಹೇಳಿ ಮುಗಿಸಿ ಮೆಲ್ಲಗೆ ಕೇಳು: ಬರೆದವರು ಯಾರು? ಕುಬ್ಜ ಅನ್ನುವ ಕವಿ. ಯಾವಾಗ? ಜಗಳವಾಗಿ ಸುಮಾರು ನೂರು ವರ್ಷದ ಮೇಲೆ. ಬರೆಸಿದವರು? ಅದೇ ವಂಶದ ಅರಸರು. ಹಾಗಾದರೆ ಇದನ್ನು ಪಲ್ಲವರು ಬರೆಸಿದ್ದರೆ ಹೇಗಿರುತ್ತಿತ್ತು?

ಅಂಕದ ಭಯವೂ ಬೇಡ. ಜಗಳದ ಕಾರಣ ಕಣ್ಣಿಗೆ ಕಟ್ಟಿದ ಮೇಲೆ ಮೂರು ಅಂಕದ ಉತ್ತರ ಎಷ್ಟರದ್ದು? ಇಸವಿಗಳಿಗೆ ಮಾತ್ರ ಬಾಯಿಪಾಠ ಇರಲಿ, ಮಗ್ಗಿ ಇದ್ದ ಹಾಗೆ. ಇಸವಿ ಗೊತ್ತಿಲ್ಲದಿದ್ದರೆ ಯಾವುದರ ನಂತರ ಯಾವುದು ಅನ್ನುವುದೇ ತಿಳಿಯುವುದಿಲ್ಲ ಅಲ್ವಾ? ಈ ವಿಷಯದಲ್ಲಿ ನಾನು ಹಳೇ ಕಾಲದವನು, ಬೈದರೂ ಪರವಾಗಿಲ್ಲ.

ದೊಡ್ಡಮ್ಮ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಹಬ್ಬಕ್ಕೆ ಬಂದಾಗ ಒಯ್ಯಿ. ಈಸೂರಿನ ಪಾಠದ ದಿನ ಯಾರಾದರೂ ಎದ್ದು ಆ ಅಮಲ್ದಾರರ ಮನೆಯವರ ಬಗ್ಗೆ ಕೇಳಿದರೆ, ಕೂರಿಸಬೇಡ. "ಬಾ, ಇಬ್ಬರೂ ಸೇರಿ ಹುಡುಕೋಣ" ಅನ್ನು. ಏನಾದರೂ ಸಿಕ್ಕಿದರೆ ನನಗೊಂದು ಸಾಲು ಬರಿ. ನಾನು ಆ ಹುಡುಗನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ