ಮಗಳಿಗೊಂದು ಪತ್ರ: ಕೊನೇ ಪೇಜ್ ಮಾತ್ರ ನೋಡ್ಬೇಡ

ಪುಟ್ಟೀ,

ನಿನ್ನೆ ಫೋನಲ್ಲಿ ನೀನಂದ ಮಾತು ರಾತ್ರಿಯೆಲ್ಲ ತಲೇಲಿ ಕೂತಿತ್ತು, ಅದಕ್ಕೇ ಬೆಳಗ್ಗೆ ಎದ್ದವಳೇ ಬರೀತಿದೀನಿ. "ಅಮ್ಮಾ, ಈ ಮೂನ್‌ಸ್ಟೋನ್ ಕಾದಂಬರಿ ತುಂಬಾ ಸ್ಲೋ ಕಣಮ್ಮ, ಕಳ್ಳ ಯಾರು ಅಂತ ನೆಟ್ಟಲ್ಲಿ ನೋಡ್ಕೊಂಡು ಲಿಸ್ಟಲ್ಲಿ ಟಿಕ್ ಹಾಕ್ಬಿಡ್ತೀನಿ" ಅಂದ್ಯಲ್ಲ, ಬೇಡ ಕಣೇ. ದಯವಿಟ್ಟು ಹಾಗೆ ಮಾಡ್ಬೇಡ.

ಈ ಚಾಲೆಂಜ್ ಶುರು ಮಾಡಿದ್ದೇ ನೀನು. ತಿಂಗಳಿಗೊಂದು, 12 ಹಳೇ ಪತ್ತೇದಾರಿ ಪುಸ್ತಕ, ಬರೆದ ವರ್ಷದ ಪ್ರಕಾರ, 1841ರಿಂದ 1951ರವರೆಗೆ, ಇಬ್ರೂ ಒಟ್ಟಿಗೆ. ಮೊದಲನೇದು ಅಮೆರಿಕದ ಎಡ್ಗರ್ ಅಲನ್ ಪೋ ಬರೆದ ರೂ ಮಾರ್ಗ್ ಕೊಲೆಗಳ ಕಥೆ, ಒಂದೇ ರಾತ್ರೀಲಿ ಮುಗ್ಸಿದ್ವಿ. ಮೆಟ್ಟಿಲ ಮೇಲೆ ದನಿ ಕೇಳಿದೋರು ಒಬ್ಬೊಬ್ರೂ ಅದು ತಮಗೆ ಬಾರದ ಭಾಷೆ ಅಂತಾರಲ್ಲ, ಅಲ್ಲೇ ಏನೋ ಇದೆ ಅಂತ ನೀನು ತಕ್ಷಣ ಹಿಡಿದೆ, ನನಗೆ ಹೊಳೆದಿರ್ಲಿಲ್ಲ. ಅವತ್ತು ಎಷ್ಟೋ ತಿಂಗಳಾದ್ಮೇಲೆ ನಾವಿಬ್ರೂ ಊಟ ಆಯ್ತಾ, ಪಿಜಿಲಿ ನೀರು ಬಂತಾ ಅನ್ನೋದು ಬಿಟ್ಟು ಒಂದು ಗಂಟೆ ಬೇರೆ ಮಾತಾಡಿದ್ವಿ. ಆ ಒಂದು ಗಂಟೆ ನನಗೆ ಎಷ್ಟು ಸಂತೋಷ ಕೊಡ್ತು ಅಂತ ನಿನಗೆ ಹೇಳೇ ಇರ್ಲಿಲ್ಲ.

ಈ ತಿಂಗಳ ಮೂನ್‌ಸ್ಟೋನ್ ಸ್ಲೋ ಅನ್ನೋದು ನಿಜ, ನಾನು ಇಲ್ಲ ಅನ್ನಲ್ಲ. ಆದ್ರೆ ವಿಲ್ಕಿ ಕಾಲಿನ್ಸ್ ಇದನ್ನ ಒಂದೇ ಸಲಕ್ಕೆ ಓದ್ಲಿ ಅಂತ ಬರೆದಿದ್ದಲ್ಲ, ಡಿಕನ್ಸ್ ನಡೆಸ್ತಿದ್ದ ವಾರಪತ್ರಿಕೇಲಿ 1868ರ ಜನವರಿಯಿಂದ ಆಗಸ್ಟ್‌ವರೆಗೆ 32 ಕಂತಲ್ಲಿ ಬಂದಿದ್ದು. ನಮ್ಮನೇಲಿ ಅಜ್ಜಿ ಮ್ಯಾಗಜೀನ್ ಧಾರಾವಾಹಿಗೆ ಕಾಯ್ತಿದ್ರಲ್ಲ, ಬಂದ ಕೂಡ್ಲೇ ಒಲೆ ಆರಿಸಿ ಕೂತ್ಕೊಂಡು ಓದಿ, ಆಮೇಲೆ ವಾರಪೂರ್ತಿ ಪಕ್ಕದ್ಮನೆಯೋರ ಜೊತೆ ಮುಂದೇನಾಗುತ್ತೆ ಅಂತ ಚರ್ಚೆ, ಹಾಗೇ ಓದಿಸ್ಕೊಳ್ಳೋ ಪುಸ್ತಕ ಇದು. ಬರೆಯೋ ಮಧ್ಯದಲ್ಲೇ ಅವನ ತಾಯಿ ತೀರ್ಕೊಂಡ್ರು, ಅವನಿಗೋ ಸಂಧಿವಾತ, ಹಾಸಿಗೇಲಿ ಮಲಗೇ ಬಾಯಲ್ಲಿ ಹೇಳಿ ಬರೆಸಿದಾನೆ. ಅಷ್ಟು ನೋವಲ್ಲೂ ಕಂತು ತಪ್ಪಿಸ್ಲಿಲ್ಲ. ಅಂಥದನ್ನ ನಾವು ಒಂದು ಸರ್ಚ್ ಮಾಡಿ ಮುಗಿಸ್ಬಿಡೋದಾ?

ಇನ್ನೊಂದು ಮಾತು. ಮುನ್ನುಡಿ ಥರ ಇರೋ ಆ ಮೊದಲ ಭಾಗ ನೀನು ಹಾರ್ಸಿದೀಯ ಅಂತ ನನಗೆ ಅನುಮಾನ. ಕಥೆ ಶುರುವಾಗೋದೇ ನಮ್ಮ ಶ್ರೀರಂಗಪಟ್ಟಣದಲ್ಲಿ ಪುಟ್ಟಿ! 1799ರ ಮೇ 4, ಕೋಟೆ ಬಿದ್ದ ದಿನ. ಗಲಾಟೇಲಿ ಹರ್ನ್‌ಕಾಸಲ್ ಅನ್ನೋ ಇಂಗ್ಲಿಷ್ ಆಫೀಸರ್ ಟಿಪ್ಪುವಿನ ಆಯುಧಶಾಲೆಗೆ ನುಗ್ಗಿ, ಕಾವಲಿದ್ದೋರನ್ನ ಕೊಂದು ಮೂನ್‌ಸ್ಟೋನ್ ಅನ್ನೋ ವಜ್ರ ಹೊಡ್ಕೊಂಡು ಹೋಗ್ತಾನೆ. ವಜ್ರ ಕಲ್ಪನೆ, ಲೂಟಿ ಮಾತ್ರ ನಿಜವಾಗಿ ನಡೆದಿದ್ದು, ಆಗ ಹೊತ್ಕೊಂಡು ಹೋದ ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿದೆ. ಓದಿದ ಮಾರನೇ ದಿನವೇ ಮೈಸೂರಿಂದ ಬಸ್ ಹತ್ತಿ ಹೋದೆ, ಟಿಪ್ಪು ಹೆಣ ಸಿಕ್ಕ ಜಾಗದಲ್ಲಿ ಕಲ್ಲು ನೆಟ್ಟಿದಾರಲ್ಲ, ಚಿಕ್ಕವಳಿದ್ದಾಗ ನೀನು ಅಲ್ಲಿ ಬಿಸಿಲು ಅಂತ ಅತ್ತಿದ್ದೆ, ಅಲ್ಲೇ ಸುಮಾರು ಹೊತ್ತು ನಿಂತಿದ್ದೆ. ಎಷ್ಟು ಸಲ ನೋಡಿದ ಜಾಗ, ಅವತ್ತು ಬೇರೆ ಥರ ಕಾಣ್ತು. ಯಾಕಂದ್ರೆ ಯಾರ್ಕ್‌ಶೈರಿನ ಆ ದೊಡ್ಡ ಮನೇಲಿ ಎಲ್ಲರೂ ವಜ್ರ ಕದ್ದೋರು ಯಾರು ಅಂತ ಹುಡುಕ್ತಿರ್ತಾರೆ, ಮೂರು ಜನ ಭಾರತೀಯರ ಮೇಲೆ ಮೊದಲೇ ಗುಮಾನಿ, ಆದ್ರೆ ಅದು ಆ ಮನೆಗೆ ಬಂದಿದ್ದೇ ಕದ್ದ ಮಾಲಾಗಿ! 1868ರಲ್ಲಿ ಒಬ್ಬ ಇಂಗ್ಲಿಷಿನೋನು ತನ್ನ ಜನಕ್ಕೇ ಇದನ್ನ ಮೊದಲ ಪುಟಗಳಲ್ಲೇ ಹೇಳ್ಬಿಟ್ಟಿದಾನಲ್ಲ, ನನಗೆ ಅವನ ಮೇಲೆ ಗೌರವ ಬಂತು. ಬಿಟ್ಟಿದ್ರೆ ಅದನ್ನ ಇವತ್ತೇ ಓದು.

ಈಗ ನೀನಿರೋ ಜಾಗ, ಡಿಟೆಕ್ಟಿವ್ ಸಾರ್ಜೆಂಟ್ ಕಫ್ ಬಂದು ಗುಲಾಬಿ ಗಿಡ ನೋಡ್ತಿರೋದು. ಅಲ್ಲಿ ವಜ್ರ ಕಳುವಾದ ಕೋಣೆಯ ಬಾಗಿಲ ಹತ್ರ ನಿಧಾನ ಮಾಡು. ಹೊಸದಾಗಿ ಹಚ್ಚಿದ ಬಣ್ಣ ಒಂದು ಕಡೆ ಒರೆಸಿಹೋಗಿದೆ, ಮೊದಲು ಬಂದ ಪೊಲೀಸು ಅದೇನ್ ಮಹಾ ಅಂತ ಬಿಟ್ಟಿದ್ದ. ಕಫ್ ಬಿಡಲ್ಲ. ಬಣ್ಣ ಒಣಗೋಕೆ 12 ಗಂಟೆ ಬೇಕು, ಹಚ್ಚಿ ಮುಗಿಸಿದ್ದು ಮಧ್ಯಾಹ್ನ 3ಕ್ಕೆ, ರಾತ್ರಿ 12ಕ್ಕೆ ನೋಡಿದಾಗ ಸರಿಯಾಗೇ ಇತ್ತು, ಅಂದ್ರೆ 12ರಿಂದ 3ರ ಒಳಗೆ ಯಾರದೋ ಬಟ್ಟೆ ಅಲ್ಲಿ ತಾಗಿದೆ. ಇಷ್ಟೇ ಲೆಕ್ಕ, ನಮ್ಮ ಹಾಲಿನ ಲೆಕ್ಕದಷ್ಟು ಸರಳ, ಓದ್ತಾ ನನಗೆ ಮೈ ಜುಮ್ಮಂತು. ಈ ಬಟ್ಟೆ ವಿಷಯಕ್ಕೂ ಒಂದು ನಿಜ ಘಟನೆ ಇದೆ, 1860ರಲ್ಲಿ ಇಂಗ್ಲೆಂಡಿನ ರೋಡ್ ಹಿಲ್ ಅನ್ನೋ ಮನೇಲಿ ನಡೆದ ಕೊಲೆ. ವಿಚರ್ ಅನ್ನೋ ಡಿಟೆಕ್ಟಿವ್ ಕಾಣೆಯಾದ ಒಂದು ನೈಟ್‌ಗೌನ್ ಹಿಡ್ಕೊಂಡು ಆ ಮನೆಯ ಹುಡುಗಿಯನ್ನೇ ಅರೆಸ್ಟ್ ಮಾಡಿದ, ಜನ ಅವನಿಗೆ ಛೀ ಥೂ ಅಂದ್ರು, 1865ರಲ್ಲಿ ಅವಳೇ ತಪ್ಪೊಪ್ಪಿಕೊಂಡ್ಳು. ಕಫ್‌ನಲ್ಲಿ ಆ ವಿಚರ್ ಇದಾನೆ. ಮತ್ತೆ ಕೆಲಸದ ಹುಡುಗಿ ರೊಸಾನಾ ಕಡೆ ಒಂದು ಕಣ್ಣಿಡು, ಇದಕ್ಕಿಂತ ಜಾಸ್ತಿ ಹೇಳಲ್ಲ.

ಯಾಕೆ ಇಷ್ಟು ಹಟ ಅಂದ್ರೆ, ನಾನು ಹೈಸ್ಕೂಲಲ್ಲಿದ್ದಾಗ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು ದಿಂಬಿನ ಕೆಳಗೆ ಇಟ್ಕೊಂಡು ಓದ್ತಿದ್ದೆ. ಒಂದು ಸಲ ತಂದ ಪುಸ್ತಕದಲ್ಲಿ ಯಾರೋ ಪುಣ್ಯಾತ್ಮರು ಹತ್ತನೇ ಪುಟದಲ್ಲೇ ಪೆನ್ಸಿಲಲ್ಲಿ ಕೊಲೆಗಾರನ ಹೆಸರು ಬರೆದಿದ್ರು. ಪೂರ್ತಿ ಓದಿದೆ, ಆದ್ರೆ ಪ್ರತಿ ಪುಟದಲ್ಲೂ ನನಗೆ ಅವನೊಬ್ಬನೇ ಕಾಣ್ತಿದ್ದ, ಬೇರೆ ಯಾರ ಮೇಲೂ ಅನುಮಾನಾನೇ ಹುಟ್ಲಿಲ್ಲ. ಅವತ್ತು ಅತ್ತಿದ್ದು ಇನ್ನೂ ನೆನಪಿದೆ. ಅನುಮಾನ ಪಡೋ ಸುಖ ಒಂದು ಪುಸ್ತಕಕ್ಕೆ ಒಂದೇ ಸಲ ಸಿಗೋದು ಮಗಳೇ. ಮುಂದೆ ನಮ್ಮ ಲಿಸ್ಟಲ್ಲಿ 1926ರ ರಾಜರ್ ಆಕ್ರಾಯ್ಡ್ ಇದೆ, ಕ್ರಿಸ್ಟಿ ಬರೆದಿದ್ದು, ಅದರ ಕೊನೆ ಯಾರಾದ್ರೂ ನಿನಗೆ ಹೇಳ್ಬಿಟ್ರೆ ನಿಜವಾಗ್ಲೂ ನನಗೆ ದುಃಖ ಆಗುತ್ತೆ.

ದಿನಕ್ಕೆ ಎರಡೇ ಚಾಪ್ಟರ್ ಓದು ಸಾಕು, ಈ ತಿಂಗಳು ಮುಗೀದಿದ್ರೆ ಮುಂದಿನ ತಿಂಗಳಿಗೆ ಹೋಗ್ಲಿ, ಹೋಮ್ಸ್ ಕಾಯ್ತಾನೆ. ಈಗ ಕಥೆ ಹೇಳ್ತಿರೋ ಬೆಟರೆಜ್ ತಾತನ ಮಾತು ಮುಗಿದು ಮಿಸ್ ಕ್ಲ್ಯಾಕ್ ಬರೋವರೆಗೂ ತಾಳ್ಕೋ, ಅಲ್ಲಿಂದ ಕಥೆ ಹೇಳೋರೇ ಬದಲಾಗ್ತಾರೆ, ಓಡುತ್ತೆ.

ಭಾನುವಾರ ಫೋನ್ ಮಾಡು. ಆ ಬಾಗಿಲ ಬಣ್ಣ ಯಾರ ಬಟ್ಟೆಗೆ ಅಂಟಿರಬಹುದು ಅಂತ ನಿನಗನ್ಸುತ್ತೆ ಹೇಳು. ಸರಿನಾ ತಪ್ಪಾ ಅಂತ ನಾನು ಹೇಳಲ್ಲ.

ನಿನ್ನ
ಅಮ್ಮ